ಕಪ್ಪು ಸದ್ದು

“ಬಂಡೆ ಒಡೆಯೋರ ತಲೆಯೊಳಗೂ ಬಂಡೆಯೇ ಇರುತ್ತೆ ಅನ್ನೋದು ಇವತ್ತು ಗೊತ್ತಾಯ್ತು.”

ವಿಜ್ಞಾನಿ ಡಾಕ್ಟರ್ ಮೃಣಾಲಿನಿ ಈ ಮಾತನ್ನು ಪಕ್ಕದ ಕುರ್ಚಿಯಲ್ಲಿದ್ದ ತಹಶೀಲ್ದಾರರ ಕಿವಿಗೆ ಹೇಳಿದ್ದು. ಆದರೆ ಮುಂದಿದ್ದ ಮೈಕು ಆನ್ ಇತ್ತು. ಜೋಗಿಬಂಡೆ ಹೈಸ್ಕೂಲಿನ ಹಾಲಿನಲ್ಲಿ ಕೂತಿದ್ದ ನಾನೂರು ಜನಕ್ಕೂ ಅದು ಕೇಳಿಸಿತು. ಹೊರಗೆ ಬೇವಿನ ಮರಕ್ಕೆ ಕಟ್ಟಿದ್ದ ಸ್ಪೀಕರಿನಿಂದ ಬಸ್‌ಸ್ಟ್ಯಾಂಡಿಗೂ ಕೇಳಿಸಿತು. ಮುಂದಿನ ಸಾಲಿನಲ್ಲಿ ಯಾರೋ ಕಿಸಕ್ಕೆಂದರು, ನಗು ಹಿಂದಿನ ಗೋಡೆಯ ತನಕ ಹಬ್ಬಿತು. ಬೆಳಗಿನಿಂದ ಈ ವಿಜ್ಞಾನಿಗಳನ್ನು ಬಾಯಿಗೆ ಬಂದಂತೆ ಬೈಯುತ್ತಿದ್ದ ಜನವೇ ಈಗ ಅವರ ಜೊತೆ ಸೇರಿಕೊಂಡು ನಕ್ಕಿತು.

ನಡುಹಾಲಿನಲ್ಲಿ ಎದ್ದು ನಿಂತಿದ್ದವನು ಓಬಳೇಶ. ಇಪ್ಪತ್ಮೂರು ವರ್ಷ. ಇದೇ ಹೈಸ್ಕೂಲಿನಲ್ಲಿ ಎಂಟನೇ ಕ್ಲಾಸಿನ ಅರ್ಧಕ್ಕೆ ಚೀಲ ಮಡಚಿಟ್ಟು ಸುತ್ತಿಗೆ ಹಿಡಿದವನು. ಅವನು ಕೇಳಿದ್ದು ಇಷ್ಟೇ: “ಮೇಡಂ, ಏಳನೇ ಸೆಕ್ಟರಿನಾಗೆ ನಲವತ್ತೊಂದನೇ ನಂಬರಿನ ಹತ್ರ ಕುಳಿ ಐತೆ. ಬಂಡೆ ಕಪ್ಪಗೆ ಸದ್ದು ಮಾಡ್ತೈತೆ. ಮಿಷನ್ ಚಾಲೂ ಮಾಡೋಕೆ ಮುಂಚೆ ಒಂದ್ಸಲ ನೋಡ್ಸಿ.”

ಮೃಣಾಲಿನಿಯವರ ಕಿವಿಗೆ ಬಿದ್ದದ್ದು ಎರಡೇ ಪದ. ಕಪ್ಪು. ಕುಳಿ. ಎಂಟು ತಿಂಗಳಿಂದ ಅವರು ನಲವತ್ತು ಊರು ಸುತ್ತಿ, ಯಂತ್ರದೊಳಗೆ ಕಪ್ಪುಕುಳಿ, ಅಂದರೆ ಬ್ಲ್ಯಾಕ್ ಹೋಲ್, ಹುಟ್ಟಿ ಭೂಮಿಯನ್ನು ನುಂಗುತ್ತದೆಯೇ ಎಂಬ ಒಂದೇ ಪ್ರಶ್ನೆಗೆ ಉತ್ತರ ಹೇಳಿ ಹೇಳಿ ಗಂಟಲು ಒಣಗಿಸಿಕೊಂಡಿದ್ದರು. ಮೈಕು ಆನ್ ಇದೆ ಎಂದು ಗೊತ್ತಾದ ಮೇಲೂ ಆಡಿದ ಮಾತನ್ನು ವಾಪಸು ತಗೊಳ್ಳಲಿಲ್ಲ. “ನೋಡಪ್ಪಾ, ಕಪ್ಪುಕುಳಿ ಹುಟ್ಟೋದಿಲ್ಲ. ಹುಟ್ಟಿದರೂ ನೀನು ಕಣ್ಣು ಮಿಟುಕಿಸೋದರೊಳಗೆ ಆವಿಯಾಗಿ ಹೋಗಿರುತ್ತೆ. ಕೂತ್ಕೋ,” ಎಂದರು.

“ನಾನು ಅದನ್ನ ಹೇಳ್ತಿಲ್ಲ ಮೇಡಂ...”

ಅಷ್ಟರಲ್ಲಿ ಅವನ ಕೈಯ ಮೈಕು ಹೋಟೆಲಿನ ತಿಪ್ಪೇಸ್ವಾಮಿಯ ಕೈಗೆ ಹೋಗಿತ್ತು. ತಿಪ್ಪೇಸ್ವಾಮಿ ಊರಿನ ವಿರೋಧ ಸಮಿತಿಯ ಅಧ್ಯಕ್ಷ. “ಭೂಮಿ ಮುಳುಗಿದ್ಮೇಲೆ ಆವಿಯಾದ್ರೇನು, ಆಗದಿದ್ರೇನು,” ಎಂದು ಶುರುಮಾಡಿದ. ಹಿಂದಿನ ಬೆಂಚಿನಲ್ಲಿ ಕೇಂದ್ರದ ನೀಲಿ ಸಮವಸ್ತ್ರದಲ್ಲಿ ಕೂತಿದ್ದ ಮಾರಕ್ಕ, ಓಬಳೇಶನ ಅಕ್ಕ, ಸೆರಗು ಎಳೆದುಕೊಂಡು ತಲೆ ತಗ್ಗಿಸಿದಳು.

ಜೋಗಿಬಂಡೆಯ ಗುಡ್ಡಗಳ ಕೆಳಗೆ, ನೂರು ಮೀಟರು ಆಳದಲ್ಲಿ, ಇಪ್ಪತ್ತೇಳು ಕಿಲೋಮೀಟರು ಸುತ್ತಳತೆಯ ಒಂದು ಸುರಂಗವಿತ್ತು. ಕಾಗದದಲ್ಲಿ ಅದರ ಹೆಸರು ಕಣ ಸಂಘರ್ಷಕ ಕೇಂದ್ರ. ಊರವರ ಬಾಯಲ್ಲಿ ಡಿಕ್ಕಿ ಫ್ಯಾಕ್ಟರಿ. ಪ್ರೋಟಾನುಗಳ ಎರಡು ಹೊಳೆಗಳನ್ನು ಎದುರುಬದುರಾಗಿ ಓಡಿಸಿ, ಬೆಳಕಿನ ವೇಗದ ಹತ್ತಿರಕ್ಕೆ ತಂದು, ಒಂದಕ್ಕೊಂದು ಡಿಕ್ಕಿ ಹೊಡೆಸುವುದು. ಸಿಡಿದ ಚೂರುಗಳಲ್ಲಿ ಲೋಕ ಹುಟ್ಟಿದ ಹೊತ್ತಿನ ಗುರುತು ಹುಡುಕುವುದು. ಅಷ್ಟು ವೇಗದ ಕಣಗಳನ್ನು ಬಳೆಯಾಕಾರದಲ್ಲಿ ಬಗ್ಗಿಸಲು ಆಳೆತ್ತರದ ಸಾವಿರಾರು ಅಯಸ್ಕಾಂತಗಳು ಬೇಕು. ಅವು ಕೆಲಸ ಮಾಡಬೇಕಾದರೆ ಸೊನ್ನೆಗಿಂತ ಇನ್ನೂರೆಪ್ಪತ್ತೊಂದು ಡಿಗ್ರಿ ಕೆಳಗಿನ ಚಳಿ ಬೇಕು. ಆ ಚಳಿಗೆ ದ್ರವ ಹೀಲಿಯಂ, ಸುರಂಗದ ಉದ್ದಕ್ಕೂ ಕೊಳವೆಯಲ್ಲಿ.

ಈ ಸುರಂಗ ಕೊರೆಯುವಾಗ ಬಂಡೆ ಬಲ್ಲವರು ಬೇಕಾಗಿದ್ದರು. ಓಬಳೇಶ ಸೇರಿದ್ದು ಹಾಗೆ. ಕೊರೆದ ಮೇಲೆ ಸೂರನ್ನು ಅಡಿಯಡಿಯಾಗಿ ತಟ್ಟಿ, ಸದ್ದು ಕೇಳಿ, ಸಡಿಲಿದ್ದ ಕಡೆ ಸುಣ್ಣದ ಗುರುತು ಹಾಕುವುದು ಅವನ ಕೆಲಸ. ಅದನ್ನು ಕಲಿಸಿದ್ದು ಅಪ್ಪ. ಕಲ್ಲುದೂಳು ಕುಡಿದು ಕುಡಿದು ಎದೆ ಒಡೆದು ಸತ್ತ ಅಪ್ಪ ಬಿಟ್ಟುಹೋದದ್ದು ಒಂದು ಸುತ್ತಿಗೆ, ಮೂರು ಪದ. ಗಟ್ಟಿ ಬಂಡೆ ತಟ್ಟಿದರೆ ಸುತ್ತಿಗೆ ಕೈಯಲ್ಲೇ ಪುಟಿಯುತ್ತದೆ, ಸದ್ದು ಟಣ್ಣೆಂದು ನೆಟ್ಟಗೆ ಬರುತ್ತದೆ. ಅಪ್ಪ ಅದನ್ನು ಬಿಳಿ ಸದ್ದು ಅನ್ನುತ್ತಿದ್ದ. ಒಳಗೆ ಟೊಳ್ಳಿದ್ದರೆ ಸದ್ದು ಬೊದ್ದೆಂದು ಕಲ್ಲೊಳಗೇ ಕೂತುಬಿಡುತ್ತದೆ. ಅದು ಕಪ್ಪು ಸದ್ದು. ಆ ಟೊಳ್ಳಿಗೆ ಕುಳಿ ಎಂದು ಹೆಸರು.

ಕೆಲಸದ ಕೊನೆಯ ವಾರ ನಲವತ್ತೊಂದನೇ ಗುರುತಿನ ಬಳಿ ಅವನು ಆ ಸದ್ದು ಕೇಳಿದ. ಅಷ್ಟು ಹೊತ್ತಿಗೆ ಸೂರಿಗೆ ಸಿಮೆಂಟು ಬಳಿದಾಗಿತ್ತು, ಐವತ್ತು ಮೀಟರಿಗೊಂದರಂತೆ ನಡುಕ ಅಳೆಯುವ ಯಂತ್ರ ಕೂರಿಸಿಯಾಗಿತ್ತು. ಒಂದು ನಲವತ್ತರ ಹತ್ತಿರ, ಇನ್ನೊಂದು ನಲವತ್ತೆರಡರ ಹತ್ತಿರ. “ಯಂತ್ರ ಏನೂ ತೋರಿಸ್ತಿಲ್ಲ, ನಿನಗೇನು ಕೇಳಿಸ್ತೋ ಅದನ್ನ ಫಾರಂನಲ್ಲಿ ಬರಿ,” ಎಂದ ಮೇಸ್ತ್ರಿ ಮಾರನೇ ದಿನ ಬೇರೆ ಸೈಟಿಗೆ ಹೋದ. ತಟ್ಟುವವರ ಕಾಂಟ್ರ್ಯಾಕ್ಟು ಮುಗಿಯಿತು.

ಓಬಳೇಶ ಫಾರಂ ಬರೆದ. ‘ಕುಳಿ ಇದೆ. ಕಪ್ಪು ಸದ್ದು.’ ಸಾರ್ವಜನಿಕರ ದೂರುಗಳನ್ನು ಓದಿ ವಿಂಗಡಿಸಲು ಕೇಂದ್ರದಲ್ಲಿ ಒಂದು ಕಂಪ್ಯೂಟರ್ ಇತ್ತು. ಅದು ಪದ ಹೆಕ್ಕಿತು, ಗಂಟು ಕಟ್ಟಿತು, ಉತ್ತರ ಕಳಿಸಿತು. ಬಂದದ್ದು ಬಣ್ಣಬಣ್ಣದ ಒಂದು ಪುಸ್ತಿಕೆ: ‘ಕಪ್ಪುಕುಳಿಯ ಬಗ್ಗೆ ಭಯ ಬೇಡ’. ಎರಡನೇ ಸಲ ಬರೆದ. ಅದೇ ಪುಸ್ತಿಕೆ.

ಅವನು ಅದನ್ನು ಓದಿದ್ದ, ಎರಡು ಸಲ. ಆಕಾಶದಿಂದ ಇದಕ್ಕಿಂತ ಸಾವಿರಪಟ್ಟು ಜೋರಿನ ಕಣಗಳು ಕೋಟ್ಯಂತರ ವರ್ಷದಿಂದ ಭೂಮಿಗೆ ಬಡಿಯುತ್ತಲೇ ಇವೆ, ಏನೂ ಆಗಿಲ್ಲ ಎಂದು ಅದರಲ್ಲಿತ್ತು. ಸರಿಯಾಗಿಯೇ ಇದೆ ಅನ್ನಿಸಿತು ಅವನಿಗೆ. ಮಳೆಗೆ ಮೈಯೊಡ್ಡಿ ನಿಂತ ಬಂಡೆ ಚೊಂಬು ನೀರಿಗೆ ಕರಗುತ್ತದೆಯೇ? ಇಡೀ ಜೋಗಿಬಂಡೆಯಲ್ಲಿ ಕಪ್ಪುಕುಳಿಗೆ ಹೆದರದ ಒಬ್ಬನೇ ಒಬ್ಬ ಅವನು. ಅವನಿಗೇ ಆ ಪುಸ್ತಿಕೆ ಎರಡು ಬಂದಿದ್ದವು.

ಸಭೆ ಮುಗಿಸಿ ಮನೆಗೆ ಬಂದ ಮಾರಕ್ಕ ಚಪ್ಪಲಿ ಬಿಡುವ ಮೊದಲೇ ಬೈಯಲು ಶುರುಮಾಡಿದಳು. “ನಾನೂರು ಜನದ ಮುಂದೆ ನಗಸ್ಕಂಡು ಬಂದ್ಯಲ್ಲೋ. ನಾಳೆ ನನ್ನ ಕಾರ್ಡು ಕಿತ್ಕಂಡ್ರೆ ಏನ್ ಮಾಡ್ತೀಯ?”

“ಕಿತ್ಕಳ್ಳಿ. ನೀನು ಕೆಳಗೆ ಹೋಗದಿದ್ರೆ ಸಾಕು.”

“ಹೋಗ್ದೆ? ನಿನ್ನ ಜೊತೆ ಸುತ್ತಿಗೆ ಹಿಡ್ಕಂಡು ಗೋಡೆ ಗೋಡೆ ತಟ್ಕಂತ ತಿರುಗ್ಲಾ?”

ಮಾರಕ್ಕನ ಕೆಲಸ ಏಳನೇ ಸೆಕ್ಟರಿನ ಪಕ್ಕದ ಸುರಂಗದಲ್ಲಿ. ಯಂತ್ರ ಓಡುವಾಗ ಬಳೆಯೊಳಗೆ ನರಪಿಳ್ಳೆ ಇರುವಂತಿಲ್ಲ, ವಿಕಿರಣ. ಆದರೆ ಮೂರು ಮೀಟರು ದಪ್ಪದ ಗೋಡೆಯ ಈಚೆಗೆ ಹೀಲಿಯಂ ಪಂಪುಗಳಿದ್ದವು. ಅವುಗಳ ಕೆಳಗೆ ತೊಟ್ಟಿಕ್ಕುವ ಎಣ್ಣೆ ಒರೆಸಲು, ತಟ್ಟೆ ಬದಲಿಸಲು ಒಬ್ಬರು ಬೇಕು. ಆ ಒಬ್ಬಳು ಮಾರಕ್ಕ. ಗೋಡೆಯಲ್ಲಿ ಕೊಳವೆ ಹಾಯಲು ಬಿಟ್ಟ ಕಿಂಡಿ ಯಾವ ಜಾಗದಲ್ಲಿದೆ ಎಂದು ಓಬಳೇಶನಿಗೆ ಗೊತ್ತಿತ್ತು. ನಲವತ್ತೊಂದು.

“ಅಕ್ಕ, ಆ ಕುಳಿ ಕೆಳಗಿನ ಚಪ್ಪಡಿ ಬಿದ್ರೆ ಸೀದಾ ಕೊಳವೆ ಮ್ಯಾಲೇ ಬೀಳ್ತೈತೆ. ಹೀಲಿಯಂ ಹೊರಗೆ ಬಂದ್ರೆ ಒಂದು ಚೊಂಬಿನದ್ದು ಏಳ್ನೂರು ಚೊಂಬಾಗ್ತೈತೆ. ಉಸುರಿಗೆ ಗಾಳಿ ಇರಂಗಿಲ್ಲ.”

ಮಾರಕ್ಕ ಕೂತಳು. ಅವಳು ದಡ್ಡಿಯಲ್ಲ. ತಮ್ಮನ ಕಿವಿಯ ಮೇಲೆ ಅವಳಿಗೆ ನಂಬಿಕೆಯಿತ್ತು. “ಕುಳಿ ಅನ್ಬ್ಯಾಡ ಕಣೋ,” ಎಂದಳು. “ಅವರಿಗೆ ಕುಳಿ ಅಂದ್ರೆ ಬ್ಯಾರೇನೇ ಕೇಳಿಸ್ತೈತೆ. ಗ್ಯಾಪ್ ಅನ್ನು. ‘ಸೂರಿನಾಗೆ ಗ್ಯಾಪ್ ಐತೆ’ ಅಂತ ಬರಿ. ಗ್ಯಾಪ್ ಅಂದ್ರೆ ಯಾರಾದ್ರೂ ಎದ್ದು ಬರ್ತಾರೆ.”

ಓಬಳೇಶನ ಕಿವಿಯಲ್ಲಿ ಇನ್ನೂ ಆ ನಗು ಇತ್ತು. “ಅಪ್ಪ ಕುಳಿ ಅಂತಿದ್ದ. ನಾನೂ ಕುಳಿ ಅಂತೀನಿ. ನಮ್ಮ ಮಾತು ಅವರಿಗೆ ತಿಳೀದಿದ್ರೆ ಕಲೀಲಿ. ಅಷ್ಟು ಓದವ್ರೆ.”

ಮೂರನೇ ಫಾರಂ ಅವತ್ತೇ ಬರೆದ. ‘ಕುಳಿ’ ಎಂಬ ಎರಡಕ್ಷರವನ್ನು ಪೆನ್ನು ಒತ್ತಿ ಒತ್ತಿ, ಕಾಗದ ಹರಿಯುವಷ್ಟು ದಪ್ಪಗೆ ಬರೆದ. ಮೂರನೇ ಪುಸ್ತಿಕೆ ಬಂತು.

ಯಂತ್ರ ಚಾಲೂ ಆಗುವ ದಿನ ಊರು ಗ್ರಹಣ ಹಿಡಿದಂತಿತ್ತು. ಯಾರು ಹೇಳಿದರೋ, ಹಿಂದಿನ ದಿನವೇ ಸುದ್ದಿ ಹರಡಿ ನೀರಿನ ಕೊಡ, ಹಾಲು, ಹಿಟ್ಟಿನ ಡಬ್ಬಿ ಎಲ್ಲದರ ಮೇಲೂ ದರ್ಭೆ ಬಿದ್ದಿತ್ತು. ಹನ್ನೊಂದು ನಲವತ್ತಕ್ಕೆ ಸ್ಪರ್ಶ ಎಂದು ಟಿವಿಯಲ್ಲಿ ಜೋಯಿಸರೊಬ್ಬರು ಲೆಕ್ಕ ಹಾಕಿ ಹೇಳಿದ್ದರು. ಬಸುರಿಯರನ್ನು ಹೊರಗೆ ಬಿಡಲಿಲ್ಲ. ತಿಪ್ಪೇಸ್ವಾಮಿ ಹೋಟೆಲಿನ ಒಲೆ ಆರಿಸಿ, “ಮೋಕ್ಷ ಆದ್ಮೇಲೆ ಇಡ್ಲಿ,” ಎಂದು ಬೋರ್ಡು ತೂಗುಹಾಕಿದ್ದ. ಲೋಕವೇ ಮುಳುಗುತ್ತದೆ ಅನ್ನುವವನು ಇಡ್ಲಿ ಹಿಟ್ಟು ಮಾತ್ರ ರುಬ್ಬಿಸಿಟ್ಟಿದ್ದ.

ಮಾರಕ್ಕ ಎಂಟು ಗಂಟೆಗೆ ಶಿಫ್ಟಿಗೆ ಹೊರಟಳು. ಅವಳು ಹೋಗುವುದನ್ನು ತಡೆಯಲಾಗದೆ ಓಬಳೇಶ ಗೇಟಿನ ತನಕ ಹಿಂದೆಯೇ ನಡೆದ. “ಬಿಳೀ ಹೊಗೆ ಕಂಡ್ರೆ ನಿಲ್ಬ್ಯಾಡ. ಹೀಲಿಯಂ ಮ್ಯಾಲಕ್ಕೆ ಏರ್ತೈತೆ. ನೆಲಕ್ಕೆ ಮಖ ಇಟ್ಕಂಡು ತೆವಳ್ಕಂತ ಬಾಗ್ಲಿಗೆ ಬಾ.”

“ಟ್ರೈನಿಂಗಿನಾಗೆ ಹೇಳ್ಕೊಟ್ಟವ್ರೆ ಬಿಡೋ.” ಅವಳಿಗೆ ನಗು ಬಂತು. ಆ ತರಬೇತಿಯಲ್ಲಿ ಸುರಕ್ಷಾ ಅಧಿಕಾರಿ ಬಲೂನಿನಿಂದ ಹೀಲಿಯಂ ಎಳೆದು ಮಾತಾಡಿ ತೋರಿಸಿದ್ದ. ಮೀಸೆ ಹೊತ್ತ ಗಂಡಸಿನ ಬಾಯಲ್ಲಿ ಮರಿ ಗಿಣಿಯ ದನಿ. ಎಲ್ಲ ಹೊಟ್ಟೆ ಹಿಡಿದುಕೊಂಡು ನಕ್ಕಿದ್ದರು. ಕೊನೆಗೆ ಅವನು ಗಂಭೀರವಾಗಿ ಹೇಳಿದ್ದ: ಕೆಳಗೆ ಯಾರ ದನಿಯಾದರೂ ಹೀಗಾದರೆ ನಗಬೇಡಿ, ಅವರ ಉಸಿರು ಮುಗಿಯುತ್ತಿದೆ ಎಂದು ಅರ್ಥ. “ನನ್ನ ದನಿ ಹಂಗಾದ್ರೆ ಊರೋರೆಲ್ಲ ಕೇಳಿ ಸಂತೋಷಪಡ್ಲಿ,” ಎಂದು ಮಾರಕ್ಕ ಲಿಫ್ಟಿನ ಕಡೆ ಹೋದಳು. ಅವಳದು ದಪ್ಪ ದನಿ. ಬೀದಿಯ ಆ ತುದಿಯಲ್ಲಿ ನಿಂತು ಕರೆದರೆ ಈ ತುದಿಯ ಕೋಳಿ ಗೂಡು ಸೇರುತ್ತಿತ್ತು.

ಹೆದರಿದ ಜನಕ್ಕೆ ಧೈರ್ಯ ತುಂಬಲೆಂದು ಕೇಂದ್ರದವರು ಐವತ್ತು ಊರವರನ್ನು ಒಳಗೆ ಕರೆದಿದ್ದರು. ನಿಯಂತ್ರಣ ಕೊಠಡಿಯ ಮೇಲೆ ಗಾಜು ಹಾಕಿದ ಮೊಗಸಾಲೆ. ಕೆಳಗಿನ ಮಾತು ಸ್ಪೀಕರಿನಲ್ಲಿ ಮೇಲಕ್ಕೆ ಕೇಳಿಸುತ್ತಿತ್ತು. ಮೇಲಿನದು ಕೆಳಕ್ಕೆ ಕೇಳಿಸುತ್ತಿರಲಿಲ್ಲ. ಓಬಳೇಶನ ಸುತ್ತಿಗೆಯನ್ನು ಗೇಟಿನಲ್ಲೇ ಇಸಿದುಕೊಂಡರು. ಅವನು ಗಾಜಿಗೆ ಹಣೆ ತಾಗಿಸಿ ನಿಂತ. ಪಕ್ಕದಲ್ಲಿ ತಿಪ್ಪೇಸ್ವಾಮಿ, ಕೊರಳಲ್ಲಿ ಹೊಸ ತಾಯಿತ.

ಕೆಳಗೆ ಮೃಣಾಲಿನಿಯವರು ಪರದೆಯಿಂದ ಪರದೆಗೆ ಓಡಾಡುತ್ತಿದ್ದರು. ಒಂದು ಮೇಜಿನಲ್ಲಿ ಫೋನು ಹಿಡಿದ ಆಪರೇಟರ್ ಬೆಳಗಿನಿಂದ ತುಂಟ ಕರೆಗಳಿಗೆ ಉತ್ತರಿಸಿ ಸೋತಿದ್ದ. “ನಾನು ಕಪ್ಪುಕುಳಿ ಮಾತಾಡ್ತಿದ್ದೀನಿ, ನಿಮ್ಮನ್ನ ನುಂಗ್ತೀನಿ,” ಎಂದು ಯಾರ್ಯಾರೋ ದನಿ ಬದಲಿಸಿ ಕಾಡುತ್ತಿದ್ದರು.

ಹನ್ನೊಂದು ನಲವತ್ತಕ್ಕೆ ದೊಡ್ಡ ಪರದೆಯ ಮೇಲೆ ಬಣ್ಣದ ಗೀರುಗಳು ಹೂವಿನಂತೆ ಅರಳಿದವು. ಮೊದಲ ಡಿಕ್ಕಿ. ಚಪ್ಪಾಳೆ. ಮೃಣಾಲಿನಿ ಕಣ್ಣೊರೆಸಿಕೊಂಡರು. ತಿಪ್ಪೇಸ್ವಾಮಿ ಕಣ್ಣು ಮುಚ್ಚಿಕೊಂಡಿದ್ದವನು ಒಂದು ಕಣ್ಣು ತೆರೆದು, “ಆಯ್ತಾ? ಇಷ್ಟೇನಾ?” ಎಂದ.

ನಾಲ್ಕು ನಿಮಿಷ ಕಳೆದಿರಬೇಕು. ಬಲಗಡೆಯ ಪರದೆಯಲ್ಲಿ ಏಳನೇ ಸೆಕ್ಟರು ಕೆಂಪಾಯಿತು. ಕಣಗಳ ಹರಿವು ತಾನಾಗಿಯೇ ನಿಂತಿತು. “ಅಯಸ್ಕಾಂತ ಚಳಿ ಬಿಟ್ಟು ಬಿಸಿಯಾಗಿದೆ, ಮಾಮೂಲಿ,” ಎಂದ ಒಬ್ಬ. ಮೊದಲ ದಿನ ಹೀಗಾಗುವುದು ಎಲ್ಲರಿಗೂ ಗೊತ್ತಿದ್ದದ್ದೇ. ಆಗ ಆಪರೇಟರನ ಮೇಜಿನ ಫೋನು ರಿಂಗಣಿಸಿತು. ಸ್ಪೀಕರಿನಲ್ಲಿ ಒಂದು ದನಿ ಬಂತು. ಎಳೆ ಮಗುವಿನದೋ, ಗೊಂಬೆಯದೋ ಅನ್ನಿಸುವ ತೆಳ್ಳನೆಯ ದನಿ.

“ಬಾಗ್ಲು ತೆಗೀರಪ್ಪಾ. ನಾನು ಮಾರಕ್ಕ. ಬಾಗ್ಲು ತೆಗೀತಿಲ್ಲ.”

ಆಪರೇಟರ್ ನಕ್ಕ. “ಇನ್ನೊಂದು,” ಎಂದು ಪಕ್ಕದವನಿಗೆ ಹೇಳಿ ಫೋನು ಇಟ್ಟುಬಿಟ್ಟ. ಮೇಲೆ ಮೊಗಸಾಲೆಯಲ್ಲೂ ಐವತ್ತು ಜನ ಗೊಳ್ಳೆಂದು ನಕ್ಕರು. ಯಂತ್ರ ಓಡುವಾಗ ಸೆಕ್ಟರಿನ ಬಾಗಿಲುಗಳು ತಾವಾಗಿಯೇ ಬಿಗಿದುಕೊಳ್ಳುತ್ತವೆ. ತೆಗೆಯುವ ಕೀಲಿ ಇದ್ದದ್ದು ಆ ಕೊಠಡಿಯಲ್ಲಿ ಮಾತ್ರ.

ಓಬಳೇಶ ಎರಡೂ ಅಂಗೈಯಿಂದ ಗಾಜು ಬಡಿದ. ಕೂಗಿದ. ಕೆಳಗೆ ಯಾರೂ ತಲೆ ಎತ್ತಲಿಲ್ಲ. ಉಕ್ಕಿನ ಕುರ್ಚಿಯೊಂದನ್ನು ಎತ್ತಿ ಗಾಜಿಗೆ ಅಪ್ಪಳಿಸಿದ. ಗಾಜು ಒಡೆಯಲಿಲ್ಲ, ಆದರೆ ಅದುರಿತು. ಮೃಣಾಲಿನಿ ಮೇಲೆ ನೋಡಿದರು. ಮೊನ್ನೆ ಮೈಕಿನ ಮುಂದೆ ಎದ್ದು ನಿಂತಿದ್ದ ಬಂಡೆ ಒಡೆಯುವವನು; ಇಬ್ಬರು ಸೆಕ್ಯೂರಿಟಿಯವರು ಅವನ ತೋಳು ಹಿಡಿದು ಎಳೆಯುತ್ತಿದ್ದಾರೆ. ಅವನು ಅವರ ಕೈಯಲ್ಲೇ ಕುಸಿದು ಕೂತ. ಒಂದು ಕೈಯಿಂದ ಮೂಗು ಬಾಯಿ ಮುಚ್ಚಿಕೊಂಡ, ಗಂಟಲು ತೋರಿಸಿದ. ಇನ್ನೊಂದು ಕೈಯನ್ನು ಗಾಜಿಗೆ ಒತ್ತಿದ. ನಾಲ್ಕು ಬೆರಳು. ಆಮೇಲೆ ಒಂದು ಬೆರಳು. ಮತ್ತೆ ನಾಲ್ಕು, ಒಂದು.

ಮೃಣಾಲಿನಿಯವರ ಕಣ್ಣು ಅವನ ಬೆರಳಿನಿಂದ ಪರದೆಯ ಮೇಲೆ ಕೆಂಪಾದ ಏಳನೇ ಸೆಕ್ಟರಿಗೆ, ಅದರ ನಲವತ್ತೊಂದನೇ ಗುರುತಿಗೆ ಹೋಯಿತು. ಅವರಿಗೆ ಅರ್ಥವಾದ ಗಳಿಗೆಯನ್ನು ಓಬಳೇಶ ಗಾಜಿನ ಈಚೆಯಿಂದ ಕಂಡ. ಆಪರೇಟರನನ್ನು ತಳ್ಳಿ, ಕೀಲಿಯನ್ನು ತಾವೇ ತಿರುಗಿಸಿದರು. ಕೆಳಗಿನ ಬಾಗಿಲು ತೆರೆಯುವ ಹೊತ್ತಿಗೆ ಪರದೆ ಕೆಂಪಾಗಿ ಹನ್ನೊಂದು ನಿಮಿಷ ಆಗಿತ್ತು.

ಮಾರಕ್ಕ ಬಾಗಿಲ ಬುಡದ ಸಂದಿಗೆ ಮೂಗು ಒತ್ತಿಕೊಂಡು, ನೆಲಕ್ಕೆ ಅಂಟಿದಂತೆ ಮಲಗಿದ್ದಳು. ಹೇಳಿದಂತೆಯೇ ತೆವಳಿ ಬಂದಿದ್ದಳು. ಉಸಿರಿತ್ತು.

ಉಸಿರು ಈಗಲೂ ಇದೆ. ಚಿತ್ರದುರ್ಗದ ಆಸ್ಪತ್ರೆಯಲ್ಲಿ ಇಪ್ಪತ್ತು ದಿನದಿಂದ ಮಲಗಿದ್ದಾಳೆ. ಕಣ್ಣು ಬಿಡುತ್ತಾಳೆ, ಗಂಜಿ ನುಂಗುತ್ತಾಳೆ, ತಮ್ಮನ ಬೆರಳು ಹಿಡಿದುಕೊಂಡರೆ ಬಿಡುವುದಿಲ್ಲ. ಮಾತಿಲ್ಲ. ಮಿದುಳಿಗೆ ಗಾಳಿ ಕಡಿಮೆಯಾಗಿತ್ತು, ಮಾತು ಬಂದರೂ ಬರಬಹುದು ಅನ್ನುತ್ತಾರೆ ಡಾಕ್ಟರು. ಓಬಳೇಶ ಅವಳ ಮಂಚದ ಪಕ್ಕ ಕೂತು ಅವಳ ಹಳೆಯ ದನಿಯನ್ನು ನೆನಪು ಮಾಡಿಕೊಳ್ಳಲು ನೋಡುತ್ತಾನೆ. ಕೋಳಿಗಳನ್ನು ಗೂಡು ಸೇರಿಸುತ್ತಿದ್ದ ದನಿ. ಆಗುವುದಿಲ್ಲ. ಕಿವಿಗೆ ಬರುವುದು ಆ ಗೊಂಬೆಯ ದನಿ ಒಂದೇ. ಅದರ ಹಿಂದೆಯೇ ಅವಳ ಇನ್ನೊಂದು ಮಾತು ಬರುತ್ತದೆ: ಗ್ಯಾಪ್ ಅನ್ನು. ಗ್ಯಾಪ್ ಅಂದ್ರೆ ಯಾರಾದ್ರೂ ಎದ್ದು ಬರ್ತಾರೆ. ಎರಡೇ ಎರಡು ಅಕ್ಷರ. ಬರೆಯಬಹುದಿತ್ತು. ಕೈ ಸವೆದುಹೋಗುತ್ತಿರಲಿಲ್ಲ.

ಅತ್ತ ಊರು ಹೊತ್ತಿಕೊಂಡಿತ್ತು. ನಲವತ್ತೊಂದರ ಸೂರಿನಲ್ಲಿ ಲಾರಿ ಹಿಡಿಸುವಷ್ಟು ಟೊಳ್ಳು ಬಾಯಿ ತೆರೆದಿತ್ತು. ಅದರ ಫೋಟೊ ಹೇಗೋ ಹೊರಗೆ ಬಂದು ಮೊಬೈಲಿನಿಂದ ಮೊಬೈಲಿಗೆ ಹಾರಿತು. ಕಪ್ಪಗೆ, ದುಂಡಗೆ. ಕಪ್ಪುಕುಳಿ ಹುಟ್ಟಿದೆ, ಬಂಡೆ ತಿಂದಿದೆ, ಹೆಂಗಸೊಬ್ಬಳ ದನಿ ತಿಂದಿದೆ ಎಂದು ಸುದ್ದಿ. ಗೇಟಿನ ಮುಂದೆ ಸಾವಿರಾರು ಜನ ಕೂತರು. ಅವರ ನಡುವೆ ಓಬಳೇಶನ ಫೋಟೊ ಇದ್ದ ಬ್ಯಾನರೂ ಬಂತು: ‘ಮೊದಲೇ ಎಚ್ಚರಿಸಿದ ಯುವಕ’.

ಮತ್ತೆ ಸಭೆ ಕರೆದರು. ಅದೇ ಹೈಸ್ಕೂಲು, ಅದೇ ಹಾಲು, ಬೇವಿನ ಮರದಲ್ಲಿ ಅದೇ ಸ್ಪೀಕರು. ಬೆಳಿಗ್ಗೆ ಆಸ್ಪತ್ರೆಗೆ ಹೊರಟಿದ್ದ ಓಬಳೇಶನನ್ನು ಜೀಪು ಕಳಿಸಿ ಕರೆಸಿದರು. ವೇದಿಕೆಯ ಮೇಲೆ ಕುರ್ಚಿ ಕೊಟ್ಟರು. ಅವನ ತೊಡೆಯ ಮೇಲೆ ಗಂಜಿಯ ಡಬ್ಬಿ ಇತ್ತು, ಇನ್ನೂ ಬಿಸಿ ಇತ್ತು.

ಮೃಣಾಲಿನಿಯವರು ಎದ್ದು ನಿಂತರು. ಇಪ್ಪತ್ತು ದಿನದಲ್ಲಿ ಹತ್ತು ವರ್ಷ ವಯಸ್ಸಾದಂತಿದ್ದರು. ಮೂರು ಫಾರಂಗಳ ನಕಲು ಅವರ ಕೈಯಲ್ಲಿತ್ತು, ಅಂಚು ಮುದುಡಿತ್ತು. “ಓಬಳೇಶ್ ಅವರೇ,” ಎಂದರು. ಇವತ್ತು ಬಹುವಚನ. “ನಾನು ಆವತ್ತು ಆಡಿದ ಮಾತಿಗೆ ಎಲ್ಲರ ಮುಂದೆ ಕ್ಷಮೆ ಕೇಳ್ತೀನಿ. ನಮ್ಮ ಯಂತ್ರಗಳಿಗೆ ಕೇಳಿಸದೇ ಇದ್ದದ್ದು ನಿಮಗೆ ಕೇಳಿಸ್ತು. ಇವರು ಯಾರೂ ನಮ್ಮ ಮಾತು ನಂಬೋದಿಲ್ಲ. ಇದು ಕಪ್ಪುಕುಳಿ ಅಲ್ಲ, ಬಂಡೆಯೊಳಗಿನ ಬರೀ ಟೊಳ್ಳು ಅಂತ ನೀವೇ ಒಂದು ಮಾತು ಹೇಳಿ. ನಿಮಗೆ ಹೇಗೆ ಗೊತ್ತಾಯ್ತು, ಅದನ್ನ ಹೇಳಿ.” ಮೈಕನ್ನು ತಾವೇ ತಂದು ಅವನ ಕೈಗಿಟ್ಟರು. ನಾಟಕವಿರಲಿಲ್ಲ ಅದರಲ್ಲಿ.

ಕೆಳಗಿನಿಂದ ತಿಪ್ಪೇಸ್ವಾಮಿ ಎದ್ದ. “ಹೆದರ್ಬ್ಯಾಡ ಕಣಪ್ಪಾ ಓಬಳೇಶ. ಕುಳಿ ಅಂತ ಮೊದ್ಲು ಹೇಳಿದ್ದೇ ನೀನು. ಇದೇ ಹಾಲಿನಾಗೆ, ನಾವೆಲ್ಲ ಕೇಳೀವಿ. ಈಗ್ಲೂ ಅದನ್ನೇ ಹೇಳು.”

ನೀವು ಕೇಳಿದ್ರಾ? ಎಂದು ಮನಸ್ಸಿನಲ್ಲೇ ಅಂದುಕೊಂಡು ಓಬಳೇಶ ಹಾಲನ್ನು ನೋಡಿದ. ಸಾಲು ಸಾಲಾಗಿ ಅವವೇ ಮುಖ, ಆವತ್ತು ಹಲ್ಲು ಕಾಣಿಸಿದ್ದ ಮುಖಗಳೇ. ಗೆಲ್ಲಲು ಇವರಿಗೂ ಅವನ ಒಂದು ಮಾತು ಬೇಕು, ಆ ಮೇಡಂಗೂ ಒಂದು ಮಾತು ಬೇಕು. ಹೇಳಬೇಕಾದ ಮಾತನ್ನು ಅವನು ಮೂರು ಸಲ ಬರೆದಿದ್ದ, ಒಂದು ಸಲ ಇಲ್ಲೇ ನಿಂತು ಆಡಿದ್ದ. ಆಡದೆ ಉಳಿದ ಮಾತು ಒಂದೇ, ಅಕ್ಕ ಹೇಳಿಕೊಟ್ಟ ಎರಡಕ್ಷರದ್ದು. ಅದನ್ನು ಕೇಳಬೇಕಾದವಳು ಈ ಹಾಲಿನಲ್ಲಿರಲಿಲ್ಲ.

ಹಿಂದಿನ ಬೆಂಚಿನಲ್ಲಿ ಆವತ್ತು ಮಾರಕ್ಕ ಕೂತಿದ್ದ ತುದಿ ಖಾಲಿಯಿತ್ತು. ಯಾರೂ ಅಲ್ಲಿ ಕೂತಿರಲಿಲ್ಲ.

“ಹೇಳಿ,” ಎಂದರು ಮೃಣಾಲಿನಿ, ಮೆಲ್ಲಗೆ.

ಅವನು ಎದ್ದ. ಮೈಕನ್ನು ಕುರ್ಚಿಯ ಮೇಲೆ ಮಲಗಿಸಿದ. ಅದು ಆನ್ ಇತ್ತು. ಕುರ್ಚಿಗೆ ತಾಗಿದ್ದೇ ತಡ ಹಾಲಿನೊಳಗೂ ಹೊರಗೆ ಬೇವಿನ ಮರದಲ್ಲೂ ಬೊದ್ದೆಂದು ಒಂದು ಸದ್ದು ಬಂದು ಕೂತಿತು. ಗಂಜಿಯ ಡಬ್ಬಿಯನ್ನು ಎದೆಗೆ ಒತ್ತಿಕೊಂಡು ಮೆಟ್ಟಿಲಿಳಿದ. ಜನ ದಾರಿ ಬಿಟ್ಟರು. ಬಸ್ಸು ಹೊರಡಲು ಇನ್ನೂ ಐದು ನಿಮಿಷವಿತ್ತು. ಅವನು ಹಿಂದಿರುಗಿ ನೋಡದೆ ಬಸ್‌ಸ್ಟ್ಯಾಂಡಿನ ಕಡೆ ನಡೆದ. ಬೇವಿನ ಮರದ ಸ್ಪೀಕರಿನಲ್ಲಿ ನಾನೂರು ಜನ ಉಸಿರಾಡುವುದು ಅವನಿಗೆ ರಸ್ತೆಯ ತಿರುವಿನ ತನಕ ಕೇಳಿಸುತ್ತಿತ್ತು.